ಫ್ರೆಂಚಿನ ‘ಕೊಂಕ್ಯುಬಿನಾಜ್’, ‘ಪಾಕ್ಸ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಫ್ರಾನ್ಸಿನ ಸಂಸಾರಗಳು ಹೇಗೆ ಬದಲಾದವು ಅನ್ನುವ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೆಲಸ ನಿಂತುಹೋಗಿದೆ. ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಕೊಂಕ್ಯುಬಿನಾಜ್’. ಮದುವೆಯಾಗದೆ ಇಬ್ಬರು ಒಂದೇ ಮನೆಯಲ್ಲಿ ಜೊತೆಯಾಗಿ ಬಾಳುವುದು. ನಿಘಂಟು ತೆಗೆದರೆ ‘ಉಪಪತ್ನಿ’ಯ ಸುತ್ತಮುತ್ತಲೇ ಅರ್ಥ ಸಿಗುತ್ತದೆ. ಆಡುಮಾತಿನಲ್ಲಿ ‘ಇಟ್ಟುಕೊಂಡಿದ್ದಾನೆ’ ಅಂತೀವಿ. ‘ಕಟ್ಟಿಕೊಂಡವಳು ಕಡೇ ತನಕ, ಇಟ್ಟುಕೊಂಡವಳು ಇರೋ ತನಕ’ ಅನ್ನುವ ಗಾದೆಯೂ ಇದೆ. ಇದರಲ್ಲಿ ಇಟ್ಟುಕೊಳ್ಳುವವನು ಗಂಡಸು, ಇರುವವಳು ಹೆಂಗಸು. ಫ್ರೆಂಚಿನಲ್ಲಿ ಹಾಗಲ್ಲ. ಹೆಂಗಸು ‘ಕೊಂಕ್ಯುಬೀನ್’ ಆದರೆ ಅವಳ ಜೊತೆಗಿರುವ ಗಂಡಸು ‘ಕೊಂಕ್ಯುಬ್ಯಾಂ’. ಇಬ್ಬರಿಗೂ ಒಂದೇ ಪದದ ಎರಡು ರೂಪ. ಕನ್ನಡದಲ್ಲಿ ಆ ಗಂಡಸಿಗೆ ಪದವೇ ಇಲ್ಲ, ಅಲ್ವಾ?

ಫ್ರಾನ್ಸಿನಲ್ಲೂ ಈ ಪದಕ್ಕೆ ಮೊದಲು ಕಳಂಕ ಅಂಟಿತ್ತು. ‘ಇವರಿಗೆ ಕಾನೂನು ಬೇಡ, ಹಾಗಾಗಿ ಕಾನೂನಿಗೂ ಇವರು ಬೇಡ’ ಅನ್ನುವ ಅರ್ಥದ ಮಾತೊಂದನ್ನು ನೆಪೋಲಿಯನ್ ಹೆಸರಿನಲ್ಲಿ ಈಗಲೂ ಹೇಳುತ್ತಾರೆ. ಆಮೇಲೆ ಗಾಳಿ ತಿರುಗಿತು. 1965ರ ಕಾನೂನು ಬರುವ ತನಕ ಮದುವೆಯಾದ ಹೆಂಗಸನ್ನು ಕೆಲಸಕ್ಕೆ ಹೋಗದಂತೆ ತಡೆಯಲು ಗಂಡನಿಗೆ ಅಧಿಕಾರವಿತ್ತು. 1970ರಲ್ಲಿ ಗಂಡನೇ ‘ಮನೆಯ ಯಜಮಾನ’ ಅನ್ನುವ ಮಾತನ್ನು ಕಾನೂನಿನಿಂದ ತೆಗೆದರು. 1975ರಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯಬಹುದು ಅಂತಾಯಿತು. ಮದುವೆಯಾಗದೆ ಬಾಳುವವರೂ ಜಾಸ್ತಿಯಾದರು. 1970ರಲ್ಲಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 7 ಮಕ್ಕಳ ತಂದೆತಾಯಿ ಮದುವೆಯಾಗಿರಲಿಲ್ಲ. 1990ರ ಹೊತ್ತಿಗೆ ಅದು 30 ಆಯಿತು, 2000ದಲ್ಲಿ 40 ದಾಟಿತು.

ಕೊಂಕ್ಯುಬಿನಾಜಿಗೆ ಸರ್ಟಿಫಿಕೇಟೂ ಇದೆ. ‘ಮೇರಿ’ ಅಂದರೆ ಅಲ್ಲಿನ ಪುರಸಭೆ ಕಚೇರಿ. ಗುರುತಿನ ಚೀಟಿ, ವಿಳಾಸದ ದಾಖಲೆ ಹಿಡಿದುಕೊಂಡು, ಬೇಕಾದರೆ ಸಾಕ್ಷಿಗಳನ್ನೂ ಕರೆದುಕೊಂಡು ಹೋದರೆ, ಕೊಡುವ ರೂಢಿಯಿರುವ ಊರುಗಳಲ್ಲಿ ‘ಕೊಂಕ್ಯುಬಿನಾಜ್’ ಪತ್ರವನ್ನು ದುಡ್ಡಿಲ್ಲದೆ ಕೊಡುತ್ತಾರೆ. ಈಗ ಆ ಕಾಗದದ ಮೇಲೆ ‘ಇಟ್ಟುಕೊಂಡಿರುವ ಬಗ್ಗೆ ದೃಢೀಕರಣ’ ಅಂತ ನಾನು ಬರೆದರೆ ಹೇಗಿರುತ್ತದೆ! ಆ ಇಬ್ಬರಿಗೂ ಅವಮಾನ, ಓದುಗರಿಗೂ ತಪ್ಪು ಅರ್ಥ.

ಪತ್ರಿಕೆಗಳು ‘ಲಿವ್ ಇನ್’, ‘ಸಹಜೀವನ’ ಅಂತ ಬರೆಯುತ್ತವೆ. ‘ಲಿವ್ ಇನ್’ ಅಂದ ಕೂಡಲೇ ಬೆಂಗಳೂರಿನ ಇವತ್ತಿನ ಹುಡುಗ ಹುಡುಗಿ ಕಣ್ಣಿಗೆ ಬರುತ್ತಾರೆ. 1980ರ ಫ್ರಾನ್ಸಿನಲ್ಲಿ ಮೂರು ಮಕ್ಕಳಿರುವ, ಬಾಡಿಗೆ ಕಟ್ಟುವ ಸಂಸಾರಕ್ಕೆ ಅದು ಒಪ್ಪುವುದಿಲ್ಲ. ‘ಸಹಬಾಳ್ವೆ’ಯನ್ನು ನಾವು ಆಗಲೇ ಧರ್ಮ, ಜಾತಿಗಳ ಮಾತಿಗೆ ಕೊಟ್ಟುಬಿಟ್ಟಿದ್ದೇವೆ. ನನ್ನ ಮನಸ್ಸು ‘ಕೂಡುಬಾಳ್ವೆ’ ಕಡೆಗೆ ವಾಲುತ್ತದೆ. ಆದರೆ ‘ಕೂಡುಕುಟುಂಬ’ ಪಕ್ಕದಲ್ಲೇ ಇರುವುದರಿಂದ ಅವಿಭಕ್ತ ಕುಟುಂಬ ಅಂದುಕೊಂಡಾರು ಅನ್ನುವ ಅಳುಕೂ ಇದೆ.

ಹಳ್ಳಿಗಳಲ್ಲಿ ವಿಧವೆಯರ ಮರುಮದುವೆಗೆ ‘ಕೂಡಿಕೆ’, ‘ಉಡಿಕೆ’ ಅನ್ನುತ್ತಿದ್ದರು. ‘ಕೂಡಿಕೆ’ಯಲ್ಲಿ ಇಬ್ಬರೂ ಸಮ. ಒಬ್ಬರು ಇನ್ನೊಬ್ಬರನ್ನು ಇಟ್ಟುಕೊಂಡ ವಾಸನೆ ಇಲ್ಲ. ಆದರೆ ಅದೂ ಒಂದು ಬಗೆಯ ಮದುವೆಯೇ. ಕೊಂಕ್ಯುಬಿನಾಜ್ ಮದುವೆಯಲ್ಲ ಅನ್ನುವುದೇ ಅದರ ಜೀವ.

ಎರಡನೆಯದು ‘ಪಾಕ್ಸ್’. ಮದುವೆಯಾಗದೆ ಜೊತೆಗೆ ಬಾಳುವ ಇಬ್ಬರು ಕಾನೂನಿನ ಪ್ರಕಾರ ಮಾಡಿಕೊಳ್ಳುವ ಕರಾರು. ಇದರ ಹಿಂದೆ ನೋವಿನ ಕತೆಯಿದೆ. ಮದುವೆಯಾಗದ ಜೊತೆಗಾರರಿಗೆ ಕೆಲವು ಸವಲತ್ತು ಸಿಗುತ್ತಿದ್ದವು. ಆದರೆ ಅದು ಗಂಡು ಹೆಣ್ಣಿನ ಜೋಡಿಗೆ ಮಾತ್ರ ಅಂತ 1989ರಲ್ಲಿ ಅಲ್ಲಿನ ಮೇಲಿನ ಕೋರ್ಟು ಹೇಳಿತು. ಏಡ್ಸಿನ ವರ್ಷಗಳು ಅವು. ಬಾಡಿಗೆ ಕರಾರು ತನ್ನ ಹೆಸರಲ್ಲಿದ್ದವನು ತೀರಿಕೊಂಡರೆ, ಅವನ ಜೊತೆ ವರ್ಷಗಟ್ಟಲೆ ಬಾಳಿದ ಗೆಳೆಯನಿಗೆ ಆ ಮನೆಯ ಮೇಲೆ ಹಕ್ಕಿರಲಿಲ್ಲ. 1997ರಲ್ಲೂ ಕೋರ್ಟು ಅದನ್ನೇ ಹೇಳಿತು. ಇಂಥವರಿಗೂ ಹಕ್ಕು ಕೊಡುವ ಪಾಕ್ಸ್ ಮಸೂದೆ ಬಂದಾಗ ಸಂಸತ್ತಿನಲ್ಲಿ ದೊಡ್ಡ ಜಗಳವಾಗಿ, 1998ರ ಅಕ್ಟೋಬರಿನಲ್ಲಿ ಆಳುವ ಪಕ್ಷದವರೇ ಸಾಕಷ್ಟು ಮಂದಿ ಬರದೆ ಅದು ಒಮ್ಮೆ ಬಿದ್ದುಹೋಗಿ, ಕೊನೆಗೆ 1999ರ ನವೆಂಬರ್ 15ರಂದು ಕಾನೂನಾಯಿತು. ಗಂಡು ಹೆಣ್ಣು, ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಯಾರು ಬೇಕಾದರೂ ಈ ಕರಾರು ಮಾಡಿಕೊಳ್ಳಬಹುದು. ಅದೇ ಕಾನೂನು ಕೊಂಕ್ಯುಬಿನಾಜನ್ನೂ ಹೊಸದಾಗಿ ವಿವರಿಸಿ, ಅದರೊಳಗೆ ಎಲ್ಲ ಜೋಡಿಗಳನ್ನೂ ಸೇರಿಸಿತು.

ಪಾಕ್ಸಿನ ಪೂರ್ತಿ ಹೆಸರು ‘ಪಾಕ್ತ್ ಸಿವಿಲ್ ದ ಸೊಲಿಡಾರಿತೆ’. ಅದನ್ನು ಪದಕ್ಕೆ ಪದ ಇಟ್ಟರೆ ‘ನಾಗರಿಕ ಒಗ್ಗಟ್ಟಿನ ಒಪ್ಪಂದ’. ಓದಿದವರು ಯಾವುದೋ ಕಾರ್ಮಿಕ ಸಂಘದ್ದು ಅಂದುಕೊಳ್ಳುತ್ತಾರೆ. ಇಲ್ಲಿ ‘ಸೊಲಿಡಾರಿತೆ’ ಅಂದರೆ ಕಷ್ಟಸುಖದಲ್ಲಿ ಒಬ್ಬರಿಗೊಬ್ಬರು ಆಗುವುದು. ‘ಬಾಳ್ಕರಾರು’ ಅಂದರೆ ಹೇಗೆ? ಫ್ರೆಂಚರು ಇದನ್ನು ಕ್ರಿಯಾಪದವನ್ನೂ ಮಾಡಿಕೊಂಡಿದ್ದಾರೆ, ‘ಸ ಪಾಕ್ಸೆ’ ಅಂತ. ನಾವು ‘ಅವರಿಬ್ಬರೂ ಪಾಕ್ಸ್ ಆದರು’ ಅಂದರೆ ‘ರಿಜಿಸ್ಟರ್ ಆದರು’ ಅಂದಷ್ಟೇ ಸಲೀಸು. ಇದನ್ನು ಹಾಗೇ ಬಿಡುವುದು ವಾಸಿ ಅಂತ ನನಗೆ ಅನ್ನಿಸುತ್ತದೆ. ಮೊದಲ ಸಲ ಬಂದಾಗ ಒಂದು ಸಾಲು ವಿವರಿಸಿದರೆ ಸಾಕು.

ಹಾಗಾಗಿ ನಿಜವಾದ ತೊಡಕು ಕೊಂಕ್ಯುಬಿನಾಜಿನದೇ. ನಿಮ್ಮ ಕಡೆ ಮದುವೆಯಾಗದೆ ಜೊತೆಗಿರುವ ಇಬ್ಬರಿಗೂ ಸೇರಿ, ಹೀಯಾಳಿಕೆ ಇಲ್ಲದೆ ಬಳಸುವ ಮಾತು ಇದೆಯೇ? ಕರಾವಳಿ, ಉತ್ತರ ಕರ್ನಾಟಕದವರು ದಯವಿಟ್ಟು ತಿಳಿಸಿ. ‘ಕೂಡುಬಾಳ್ವೆ’ ಓದಿದಾಗ ನಿಮಗೆ ಮೊದಲು ಹೊಳೆಯುವ ಅರ್ಥ ಯಾವುದು ಅಂತಲೂ ಬರೆಯಿರಿ.