ಮನೆಯೊಡತಿ ‘ಆಗಲಿ’ ಎನ್ನುತ್ತಾರೆ, ಟಿಎಂ 30 ಮಾತ್ರ ಆಗುತ್ತಿಲ್ಲ: ಥಾಯ್ಲೆಂಡ್‌ನಲ್ಲಿರುವವರ ಸಲಹೆ ಬೇಕು

ಪ್ರಶ್ನೆ (ನೋಂಥಬುರಿಯಿಂದ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಯಜಮಾನರು ಮತ್ತು ಆರು ವರ್ಷದ ಮಗಳು ಥಾಯ್ಲೆಂಡಿಗೆ ಬಂದು ಮೂರು ವರ್ಷಗಳಾದವು. ಮೊದಲು ಬ್ಯಾಂಕಾಕ್‌ನ ಒಂದು ಕಾಂಡೋಮಿನಿಯಂನಲ್ಲಿದ್ದೆವು. ಅಲ್ಲಿ ವಿದೇಶಿಯರೇ ಹೆಚ್ಚಾಗಿದ್ದುದರಿಂದ ವಲಸೆ ಇಲಾಖೆಗೆ ಸಲ್ಲಿಸಬೇಕಾದ ಮನೆಯ ಕಾಗದಪತ್ರಗಳನ್ನೆಲ್ಲ ಕಟ್ಟಡದ ಕಚೇರಿಯವರೇ ನೋಡಿಕೊಳ್ಳುತ್ತಿದ್ದರು. ಮಗಳಿಗೆ ಓಡಾಡಲು ಅಂಗಳವಿರಲಿ, ನೆರೆಹೊರೆಯ ಮಕ್ಕಳೊಡನೆ ಆಡುತ್ತ ಥಾಯ್ ಕಲಿಯಲಿ ಎಂಬ ಆಸೆಯಿಂದ ಎಂಟು ತಿಂಗಳ ಹಿಂದೆ ನೋಂಥಬುರಿಯ ಒಂದು ಸೋಯಿಗೆ, ಅಂದರೆ ಗಲ್ಲಿಗೆ, ಬಂದೆವು. ಈ ಗಲ್ಲಿಯಲ್ಲಿ ಹೊರದೇಶದವರೆಂದರೆ ನಾವೊಂದೇ ಕುಟುಂಬ.

ಮನೆಯೊಡತಿಗೆ ಅರವತ್ತೈದರ ಆಸುಪಾಸು ವಯಸ್ಸು. ಪಕ್ಕದ ಮನೆಯಲ್ಲೇ ಇದ್ದಾರೆ. ಅವರನ್ನು ನಾವು ‘ಪಾ’ ಎಂದು ಕರೆಯುತ್ತೇವೆ. ಥಾಯ್ ಭಾಷೆಯಲ್ಲಿ ಅದು ತಂದೆಯ ಅಥವಾ ತಾಯಿಯ ಅಕ್ಕನಿಗೆ ಸಲ್ಲುವ ಪದ, ನಮ್ಮ ದೊಡ್ಡಮ್ಮ ಇದ್ದಂತೆ. ನಾವು ಬಂದ ಮೊದಲ ವಾರದಿಂದಲೇ ಮಗಳನ್ನು ಕರೆದು ಮಾವಿನ ಹಣ್ಣು, ತೆಂಗಿನ ಹಾಲಿನ ಸಿಹಿ ಅನ್ನ ಕೊಡುತ್ತಿದ್ದವರು ಅವರು.

ಏಪ್ರಿಲ್ 10ಕ್ಕೆ ನಮ್ಮ ವಾರ್ಷಿಕ ವೀಸಾ ಅವಧಿ ಮುಗಿಯುತ್ತದೆ. ಇನ್ನು ಉಳಿದಿರುವುದು 24 ದಿನ. ಅದನ್ನು ವಿಸ್ತರಿಸಲು ಹೋದಾಗ, ನಾವು ಈ ಮನೆಯಲ್ಲಿ ವಾಸವಾಗಿದ್ದೇವೆಂದು ಮಾಲೀಕರು ತಿಳಿಸಿದ ಟಿಎಂ 30 ರಸೀದಿ ಬೇಕೆಂದರು. ‘ಪಾ’ ಅವರನ್ನು ಕೇಳಿದೆ. ಅವರು ನಕ್ಕು ‘ದಾಯ್ ಖಾ’ ಎಂದರು, ಎಂದರೆ ಆಗುತ್ತದೆ. ಮರುವಾರ ಕೇಳಿದಾಗ ‘ಫ್ರುಂಗ್‌ನೀ’, ನಾಳೆ, ಎಂದರು. ಹೀಗೆ ಐದು ವಾರ ಕಳೆಯಿತು. ಒಂದೇ ಒಂದು ಸಲವೂ ಅವರು ಆಗುವುದಿಲ್ಲ ಎನ್ನಲಿಲ್ಲ. ಕಳೆದ ಭಾನುವಾರ ನನ್ನ ತಾಳ್ಮೆ ತಪ್ಪಿತು. ಗೇಟಿನ ಬಳಿ, ಇಬ್ಬರು ನೆರೆಯವರ ಎದುರಿಗೇ, ನಾನು ದನಿಯೇರಿಸಿ ಮಾತನಾಡಿಬಿಟ್ಟೆ. ಆಗಲೂ ಅವರು ನಕ್ಕರು. ಆದರೆ ಅಂದಿನಿಂದ ಅವರು ನಮ್ಮ ಕಡೆಗೆ ಬಂದಿಲ್ಲ, ಮಗಳನ್ನೂ ಕರೆದಿಲ್ಲ. ಮಗಳು ದಿನವೂ ಬೇಲಿಯ ಬಳಿ ನಿಂತು ಬರುತ್ತಾಳೆ.

ರಸೀದಿ ಪಡೆಯುವುದು ಹೇಗೆ ಎಂಬುದು ಒಂದು ಪ್ರಶ್ನೆ. ಈ ಮನೆಯವರೊಡನೆ ಹಳಸಿದ ಸಂಬಂಧವನ್ನು ಸರಿಪಡಿಸಿಕೊಳ್ಳುವುದು ಹೇಗೆ ಎಂಬುದು ಇನ್ನೊಂದು. ನಮ್ಮಂಥ ಭಾರತೀಯರನ್ನು ಇಲ್ಲಿ ‘ಖ್ಯಾಕ್’ ಎನ್ನುತ್ತಾರೆ. ಅದಕ್ಕೆ ಅತಿಥಿ ಎಂಬ ಅರ್ಥವೂ ಇದೆಯೆಂದು ತಿಳಿದಾಗ ಸಂತೋಷಪಟ್ಟಿದ್ದೆ. ಈಗ ಆ ಪದ ಕೇಳಿದರೆ ಮನಸ್ಸಿಗೆ ಚುಚ್ಚುತ್ತದೆ.

ಉತ್ತರ 1 (ಬ್ಯಾಂಕಾಕ್‌ನಿಂದ, ಹನ್ನೊಂದು ವರ್ಷಗಳ ವಾಸ)

ನಿಮ್ಮ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ದಿನಾಂಕವಿದೆ, ಆದ್ದರಿಂದ ಅದನ್ನೇ ಮೊದಲು ಹಿಡಿಯಿರಿ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್‌ನಂತೆ ದಂಡ ಬೀಳುತ್ತದೆ. ಆ ಹಣಕ್ಕಿಂತಲೂ ಪಾಸ್‌ಪೋರ್ಟಿನಲ್ಲಿ ಉಳಿಯುವ ಗುರುತು ಮುಂದೆ ತೊಂದರೆ ಕೊಡುತ್ತದೆ.

1979ರ ವಲಸೆ ಕಾಯ್ದೆಯ 38ನೆಯ ಕಲಮಿನ ಪ್ರಕಾರ, ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಗಳೊಳಗೆ ವಲಸೆ ಅಧಿಕಾರಿಗಳಿಗೆ ತಿಳಿಸಬೇಕು. ಅದು ಬಾಡಿಗೆದಾರರ ತಪ್ಪಲ್ಲ, ಮನೆಯವರ ಹೊಣೆ. ಆದರೆ ರಸೀದಿ ಇಲ್ಲದಿದ್ದರೆ ಕೆಲಸ ನಿಲ್ಲುವುದು ಬಾಡಿಗೆದಾರರದು. ಹೊಸಬರಲ್ಲಿ ಅನೇಕರು ಇದನ್ನು ತೊಂಬತ್ತು ದಿನಗಳಿಗೊಮ್ಮೆ ನಾವೇ ಸಲ್ಲಿಸುವ ಟಿಎಂ 47 ವರದಿಯೊಡನೆ ಕಲಸಿಕೊಳ್ಳುತ್ತಾರೆ. ಅವೆರಡೂ ಬೇರೆ ಬೇರೆ.

ನಿಮಗೆ ಉಪಯೋಗವಾಗುವ ಒಂದು ಅಂಶವಿದೆ. ಆ ಕಲಮು ಮಾಲೀಕರನ್ನು ಮಾತ್ರವಲ್ಲದೆ ಮನೆಯನ್ನು ಸ್ವಾಧೀನದಲ್ಲಿಟ್ಟುಕೊಂಡಿರುವವರನ್ನೂ ಹೆಸರಿಸುತ್ತದೆ. ಆದ್ದರಿಂದ ಬಾಡಿಗೆ ಕರಾರು, ಮಾಲೀಕರ ಗುರುತಿನ ಚೀಟಿಯ ಸಹಿ ಮಾಡಿದ ಪ್ರತಿ ಮತ್ತು ‘ತಬಿಯನ್ ಬಾನ್’ ಎಂಬ ಮನೆ ನೋಂದಣಿ ಪುಸ್ತಕದ ಪ್ರತಿ ಕೈಯಲ್ಲಿದ್ದರೆ ಎಷ್ಟೋ ಕಚೇರಿಗಳು ಬಾಡಿಗೆದಾರರಿಂದಲೇ ಅರ್ಜಿಯನ್ನು ಪಡೆಯುತ್ತವೆ. ಕಚೇರಿಯಿಂದ ಕಚೇರಿಗೆ ಪದ್ಧತಿ ಬದಲಾಗುವುದರಿಂದ ಯಜಮಾನರು ಹೋಗಿ ವಿಚಾರಿಸಿಕೊಂಡು ಬರಲಿ. ‘ಪಾ’ ಅವರು ವಲಸೆ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲ ಎಂಬುದೇ ಅವರಿಗೆ ದೊಡ್ಡ ನೆಮ್ಮದಿಯಾಗಬಹುದು.

ಮಾಲೀಕರು ಹಿಂಜರಿಯುವುದಕ್ಕೆ ಕಾರಣಗಳಿರುತ್ತವೆ. ಬಾಡಿಗೆಯ ಆದಾಯ ತೆರಿಗೆಯವರ ಕಣ್ಣಿಗೆ ಬೀಳುತ್ತದೆಂಬ ಭಯ ಒಂದು. ತಡವಾದದ್ದಕ್ಕೆ ದಂಡ ಕಟ್ಟಬೇಕೆಂಬ ಭಯ ಇನ್ನೊಂದು. ಸಾಮಾನ್ಯ ಮನೆಗಳಿಗೆ ಅದು 2000 ಬಾತ್ ಮೀರುವುದಿಲ್ಲ, ಅದನ್ನು ನೀವೇ ಕಟ್ಟುವುದಾಗಿ ಹೇಳಿಬಿಡಿ. ಗುರುತಿನ ಚೀಟಿಯ ಪ್ರತಿಯನ್ನು ಯಾರಾದರೂ ದುರುಪಯೋಗ ಮಾಡಿಯಾರೆಂಬ ಭಯವೂ ಇದೆ. ಥಾಯ್ ಜನರು ಇಂಥ ಪ್ರತಿಯ ಮೇಲೆ ಅಡ್ಡಗೆರೆ ಎಳೆದು, ಇದು ಇಂಥ ಕೆಲಸಕ್ಕೆ ಮಾತ್ರ ಎಂದು ಬರೆದು ಸಹಿ ಮಾಡುವುದು ರೂಢಿ. ಹಾಗೆ ಬರೆದುಕೊಡಿ ಎಂದು ನೀವೇ ಸೂಚಿಸಿದರೆ ಅರ್ಧ ಅನುಮಾನ ಕರಗುತ್ತದೆ.

ಕೊನೆಗೊಂದು ಎಚ್ಚರಿಕೆ: ಅರ್ಜಿಯಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಶಃ ತುಂಬಿರಿ. ನನ್ನ ಪಾಸ್‌ಪೋರ್ಟಿನಲ್ಲಿ ಕುಟುಂಬನಾಮದ ಜಾಗ ಖಾಲಿಯಿದೆ. ಒಂದು ಕಡೆ ತಂದೆಯ ಹೆಸರನ್ನು, ಇನ್ನೊಂದು ಕಡೆ ಬರೀ ಇನಿಷಿಯಲ್ಲನ್ನು ಬರೆದದ್ದರಿಂದ, ನಾವಿಬ್ಬರೂ ಒಬ್ಬನೇ ವ್ಯಕ್ತಿ ಎಂದು ಸಾಧಿಸಲು ನಾನು ಮೂರು ದಿನ ಅಲೆದಿದ್ದೇನೆ.

ಉತ್ತರ 2 (ಚಿಯಾಂಗ್ ಮಾಯ್‌ನಿಂದ, ಶಾಲಾ ಶಿಕ್ಷಕಿ)

ಕಾಗದಪತ್ರಗಳ ವಿಚಾರವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಆ ‘ದಾಯ್ ಖಾ’ ಬಗ್ಗೆ ಬರೆಯುತ್ತೇನೆ, ಏಕೆಂದರೆ ಇಲ್ಲಿ ಕಳೆದ ಏಳು ವರ್ಷಗಳಲ್ಲಿ ನನಗೆ ಅತ್ಯಂತ ಹೆಚ್ಚು ನೋವು ಕೊಟ್ಟದ್ದೂ, ಕೊನೆಗೆ ಅತ್ಯಂತ ಹೆಚ್ಚು ಕಲಿಸಿದ್ದೂ ಆ ಎರಡು ಶಬ್ದಗಳೇ.

ಥಾಯ್ ಭಾಷೆಯಲ್ಲಿ ‘ಕ್ರೇಂಗ್ ಚೈ’ ಎಂಬ ಮಾತಿದೆ. ಅದನ್ನು ಇಂಗ್ಲಿಷಿನವರಿಗೆ ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ಕನ್ನಡಿಗರಿಗೆ ‘ದಾಕ್ಷಿಣ್ಯ’ ಎಂದರೆ ಸಾಕು. ಎದುರಿಗಿರುವವರ ಮನಸ್ಸು ನೊಂದೀತೆಂದು ಬೇಡ ಎನ್ನಲಾಗದೆ ಹೂಂ ಎನ್ನುವುದು ಎರಡೂ ಕಡೆ ಒಂದೇ. ವ್ಯತ್ಯಾಸವೆಂದರೆ, ನಾವು ದಾಕ್ಷಿಣ್ಯಕ್ಕೆ ಒಪ್ಪಿದ್ದನ್ನು ಗೊಣಗುತ್ತಲಾದರೂ ಮಾಡಿಬಿಡುತ್ತೇವೆ, ಇಲ್ಲಿಯವರ ದಾಕ್ಷಿಣ್ಯ ಬಾಯಿಮಾತಿನ ನಯದಲ್ಲಿಯೇ ಮುಗಿಯಬಹುದು. ಹಾಗಾಗಿ ನಿಮ್ಮ ‘ಪಾ’ ಅವರು ಐದು ವಾರಗಳಿಂದ ನಿಮಗೆ ಇಲ್ಲ ಎಂದೇ ಹೇಳುತ್ತಿದ್ದರು. ಆ ‘ನಾಳೆ’ಯೇ ಅವರ ‘ಇಲ್ಲ’. ಕಾರಣವೇನೆಂದು ನೇರವಾಗಿ ಕೇಳಿದರೆ ಅವರು ಹೇಳಲಾರರು.

ನಾನು ಸಸ್ಯಾಹಾರಿ. ಊಟದಲ್ಲಿ ಮೀನಿನ ಸಾರ ‘ನಾಮ್ ಪ್ಲಾ’ ಹಾಕಬೇಡಿ ಎಂದು ಶಾಲೆಯ ಎದುರಿನ ಅಡುಗೆಯವರಿಗೆ ಮೊದಲ ದಿನವೇ ಹೇಳಿದ್ದೆ. ಅವರು ತಲೆಯಾಡಿಸಿದರು. ಎರಡು ವರ್ಷಗಳ ನಂತರ, ನನಗೆ ಥಾಯ್ ಲಿಪಿ ಓದಲು ಬಂದಮೇಲೆ, ಅವರು ಒಲೆಯ ಪಕ್ಕದಲ್ಲಿಟ್ಟುಕೊಂಡಿದ್ದ ಸೀಸೆಯ ಮೇಲಿನ ಹೆಸರನ್ನು ಓದಿದೆ. ಅಂದು ನಾನು ಅತ್ತದ್ದು ನಿಜ. ಆದರೆ ಅದು ಮೋಸವಾಗಿರಲಿಲ್ಲ. ಅದಿಲ್ಲದೆ ಊಟಕ್ಕೆ ರುಚಿಯಿರುವುದಿಲ್ಲ, ದೂರದಿಂದ ಬಂದ ಹೆಣ್ಣುಮಗಳಿಗೆ ರುಚಿಯಿಲ್ಲದ್ದನ್ನು ಬಡಿಸುವುದು ಹೇಗೆಂದು ಅವರು ಸಂಕೋಚಪಟ್ಟಿದ್ದರು. ಇಲ್ಲಿ ಸಸ್ಯಾಹಾರಕ್ಕೆ ‘ಮಂಗ್ಸವಿರತ್’ ಎಂಬ ಪದವಿದೆ, ನಮ್ಮ ಮಾಂಸ ಮತ್ತು ವಿರತಿ ಸೇರಿದ್ದೇ ಅದು. ಆದರೂ ‘ಜೇ’ ಎಂದರೆ ಮಾತ್ರ ಮೀನಿನ ಸಾರವನ್ನೂ ಬಿಡುತ್ತಾರೆ, ಬೆಳ್ಳುಳ್ಳಿ ಈರುಳ್ಳಿಯನ್ನೂ ಬಿಡುತ್ತಾರೆ. ಸರಿಯಾದ ಶಬ್ದ ಗೊತ್ತಿಲ್ಲದೆ ನಾನು ಕೇಳಿದ್ದೇ ತಪ್ಪಾಗಿತ್ತು.

ಹಾಗೆಯೇ ನಿಮ್ಮ ವಿಷಯದಲ್ಲಿಯೂ ಮೂರನೆಯವರ ಮೂಲಕ ಕೇಳಿಸಿ. ಗಲ್ಲಿಯ ಅಂಗಡಿಯವರೋ, ಮಗಳ ಶಾಲೆಯ ಶಿಕ್ಷಕಿಯೋ ಆಗಬಹುದು. ಅವರು ‘ಪಾ’ ಅವರಿಗಿಂತ ಕಿರಿಯರಾಗಿದ್ದು, ನಿಮಗಿಂತ ಹೆಚ್ಚು ಪರಿಚಿತರಾಗಿರಬೇಕು. ಆಗ ನಿಜವಾದ ಕಾರಣ ಹೊರಬರುತ್ತದೆ. ನೆರೆಯವರ ಎದುರು ದನಿಯೇರಿಸಿದ್ದರಿಂದ ಅವರ ಮುಖಭಂಗವಾಗಿದೆ. ಅದಕ್ಕೆ ಕ್ಷಮೆ ಕೇಳುವಾಗ ಯಾವ ವಿವರಣೆಯನ್ನೂ ಕೊಡಬೇಡಿ. ತಲೆಬಾಗಿ ಕೈಮುಗಿದು, ತಪ್ಪಾಯಿತು ಎಂದಷ್ಟೇ ಹೇಳಿ. ರಸೀದಿಯ ಮಾತನ್ನು ಅದೇ ಹೊತ್ತಿನಲ್ಲಿ ತೆಗೆಯಬೇಡಿ.

ಏಪ್ರಿಲ್ 13ರಿಂದ 15ರವರೆಗೆ ಥಾಯ್ ಹೊಸವರ್ಷದ ಹಬ್ಬ ಸೋಂಗ್‌ಕ್ರಾನ್ ಇದೆ. ಬೀದಿಯಲ್ಲಿ ನೀರೆರಚುವುದನ್ನಷ್ಟೇ ನಾವು ನೋಡುತ್ತೇವೆ, ಆದರೆ ಮನೆಗಳಲ್ಲಿ ಕಿರಿಯರು ಹಿರಿಯರ ಅಂಗೈಗೆ ಸುಗಂಧದ ನೀರೆರೆದು ವರ್ಷದ ತಪ್ಪುಗಳಿಗೆ ಕ್ಷಮೆ ಬೇಡಿ ಆಶೀರ್ವಾದ ಪಡೆಯುತ್ತಾರೆ. ಮಗಳನ್ನು ಕರೆದುಕೊಂಡು ಹೋಗಿ.

(ಇಲ್ಲಿ ಕಾಡು ಮತ್ತು ಹೊಲ ಸುಡುವ ಹೊಗೆ ಗಲ್ಲಿಯ ಕೊನೆಯನ್ನೂ ಕಾಣಿಸದಂತೆ ಮಾಡಿದೆ. ಈ ತಿಂಗಳುಗಳಲ್ಲಿ ಮಕ್ಕಳಿರುವವರು ಉತ್ತರದ ಕಡೆಗೆ ಪ್ರವಾಸ ಇಟ್ಟುಕೊಳ್ಳಬೇಡಿ.)

ಉತ್ತರ 3 (ಉದೋನ್ ಥಾನಿಯ ಒಂದು ಹಳ್ಳಿಯಿಂದ, ನಿವೃತ್ತ)

ತಂಗೀ, ಶಿಕ್ಷಕಿಯವರ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಎಲ್ಲವನ್ನೂ ದಾಕ್ಷಿಣ್ಯದ ಲೆಕ್ಕಕ್ಕೆ ಬರೆದು ನಮ್ಮನ್ನೇ ನಾವು ದೂಷಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಕಾಯ್ದೆ ಹೊಣೆಯನ್ನು ಮನೆಯವರ ಮೇಲೆ ಹಾಕಿದೆ. ನೀವು ಕೇಳಿದ್ದು ನ್ಯಾಯವಾದದ್ದು. ಕ್ಷಮೆಯನ್ನು ದನಿಗೆ ಕೇಳಿ, ಬೇಡಿಕೆಗೆ ಕೇಳಬೇಡಿ.

ನಾನು ಹದಿನಾರು ವರ್ಷಗಳಿಂದ ಇಲ್ಲಿದ್ದೇನೆ; ಹೆಂಡತಿ ಈ ಊರಿನವಳು. ಒಂದು ರಾಷ್ಟ್ರೀಯ ಉದ್ಯಾನಕ್ಕೆ ಹೋದಾಗ ಅವಳಿಗೆ 40 ಬಾತ್, ನನಗೆ 400 ಬಾತ್ ಪಡೆದರು. ಮನೆ ಕಟ್ಟಿದ್ದು ನನ್ನ ಉಳಿತಾಯದಿಂದ, ಆದರೆ ವಿದೇಶಿಯರು ಭೂಮಿಯ ಒಡೆಯರಾಗುವಂತಿಲ್ಲವಾದ್ದರಿಂದ ನೆಲ ಅವಳ ಹೆಸರಿನಲ್ಲಿದೆ. ಭೂಮಿ ಕಚೇರಿಯಲ್ಲಿ ‘ಸಿಟ್ಟಿ ಕೆಪ್ ಕಿನ್’ ಎಂಬ ಹಕ್ಕನ್ನು ನನ್ನ ಜೀವಿತಾವಧಿಗೆ ನೋಂದಾಯಿಸಿಕೊಂಡಿದ್ದೇನೆ. ಶಬ್ದಶಃ ನೋಡಿದರೆ ಅದು ಬೆಳೆದದ್ದನ್ನು ಕೂಡಿಟ್ಟು ತಿನ್ನುವ ಹಕ್ಕು, ಒಡೆತನವಿಲ್ಲದ ಅನುಭೋಗ. ಕಾಯಂ ವಾಸದ ಪರವಾನಗಿಗೂ ಯೋಚಿಸಿದ್ದೆ. ಅದು ಪ್ರತಿ ದೇಶದವರಿಗೆ ವರ್ಷಕ್ಕೆ 100 ಮಂದಿಗೆ ಮಾತ್ರ. ಸಾಮಾನ್ಯ ಅರ್ಜಿದಾರರು ಅರ್ಜಿಗೆ 7600 ಬಾತ್, ಮಂಜೂರಾದ ಮೇಲೆ 1,91,400 ಬಾತ್ ಕಟ್ಟಬೇಕು. ಕೈಬಿಟ್ಟೆ. ಇವು ಬೇಸರದ ಸಂಗತಿಗಳೇ; ‘ಮೈ ಪೆನ್ ರೈ’, ಪರವಾಗಿಲ್ಲ, ಎಂದು ನಾನು ಇವುಗಳನ್ನು ಮುಚ್ಚಿಡಲಾರೆ.

ಆದರೆ ಅತಿಥಿತನದ ಬಗ್ಗೆ ನೀವು ಬರೆದದ್ದಕ್ಕೆ ಒಂದು ಮಾತು ಹೇಳಬೇಕು. ನಮ್ಮ ಹಳ್ಳಿಯ ಮುಖ್ಯಸ್ಥರು, ‘ಪೂ ಯೈ ಬಾನ್’, ಬೆಳಗಿನ ಆರು ಗಂಟೆಗೆಲ್ಲ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಮಾತನಾಡುತ್ತಾರೆ. ಮೊದಲ ನಾಲ್ಕು ವರ್ಷ ಅದು ನನ್ನ ನಿದ್ದೆ ಕೆಡಿಸುವ ಗದ್ದಲವಾಗಿತ್ತು. ದೂರು ಕೊಡಲು ಹೊರಟು ಹೆಂಡತಿಯಿಂದ ಬೈಸಿಕೊಂಡಿದ್ದೆ. ಇಲ್ಲಿಯ ಈಸಾನ್ ಮಾತು ಸ್ವಲ್ಪ ಸ್ವಲ್ಪ ತಿಳಿಯತೊಡಗಿದ ಮೇಲೆ, ಅವರು ಹೇಳುತ್ತಿದ್ದುದು ಯಾರು ತೀರಿಕೊಂಡರು, ಇಂದು ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ ಎಂದು ಗೊತ್ತಾಯಿತು. ಒಂದು ಬೆಳಿಗ್ಗೆ, ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ, ಈ ಭಾಗದಲ್ಲಿ ಕಾಯಿಲೆಯವರಿದ್ದಾರೆ, ಮೋಟಾರ್‌ಸೈಕಲ್ಲುಗಳನ್ನು ಮೆಲ್ಲಗೆ ಓಡಿಸಿ ಎಂದು ಅದೇ ಧ್ವನಿವರ್ಧಕದಲ್ಲಿ ಹೇಳಿದರು. ಯಾರೆಂದು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಪ್ರಶ್ನೆ ಕೇಳಿದವರು (ಹದಿಮೂರು ದಿನಗಳ ನಂತರ)

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮಗಳ ಶಿಕ್ಷಕಿಯೊಬ್ಬರು ಇದೇ ಗಲ್ಲಿಯವರು, ಅವರಲ್ಲಿ ಹೇಳಿಕೊಂಡೆ. ಅವರು ಒಂದು ಸಂಜೆ ‘ಪಾ’ ಅವರ ಮನೆಗೆ ಹೋಗಿ ಕುಳಿತು, ಹತ್ತು ನಿಮಿಷದಲ್ಲಿ ವಿಷಯ ತಿಳಿದುಕೊಂಡು ಬಂದರು. ಈ ಮನೆ ‘ಪಾ’ ಅವರ ಹೆಸರಿನಲ್ಲಿಯೇ ಇಲ್ಲವಂತೆ. ಅದು ಅವರ ತಮ್ಮನದು. ಮನೆ ನೋಂದಣಿ ಪುಸ್ತಕ ನಖೋನ್ ಸವನ್‌ನಲ್ಲಿರುವ ಆತನ ಬಳಿಯಿದೆ, ಅಕ್ಕತಮ್ಮಂದಿರು ಮಾತುಬಿಟ್ಟು ಎರಡು ವರ್ಷವಾಗಿದೆ. ಅದನ್ನು ಬಾಡಿಗೆಯವರ ಮುಂದೆ ಹೇಗೆ ಹೇಳುವುದೆಂದು ಅವರು ಒದ್ದಾಡಿದ್ದರು. ನಾನು ಮನಸ್ಸಿನಲ್ಲಿ ಎಣಿಸಿಕೊಂಡಿದ್ದ ಹತ್ತು ಕಾರಣಗಳಲ್ಲಿ ಇದೊಂದು ಇರಲಿಲ್ಲ.

ಶಿಕ್ಷಕಿಯೇ ಆತನಿಗೆ ದೂರವಾಣಿ ಮಾಡಿದರು. ಸಹಿ ಮಾಡಿದ ಪ್ರತಿಗಳು ಅಂಚೆಯಲ್ಲಿ ಬಂದವು, ಅಡ್ಡಗೆರೆ ಎಳೆದು ‘ಟಿಎಂ 30ಕ್ಕೆ ಮಾತ್ರ’ ಎಂದು ಬರೆದಿತ್ತು. ಯಜಮಾನರು ಹೋಗಿ ದಂಡ ಕಟ್ಟಿ ರಸೀದಿ ತಂದಿದ್ದಾರೆ. ಸೋಮವಾರ ವಿಸ್ತರಣೆಗೆ ಹೋಗುತ್ತೇವೆ. ಕ್ಷಮೆ ಕೇಳಲು ಹೋದಾಗ ‘ಪಾ’ ಅವರು ನನ್ನ ಕೈಹಿಡಿದು ಏನೂ ಮಾತನಾಡಲಿಲ್ಲ. ನಿನ್ನೆ ಬೇಲಿಯ ಮೇಲಿಂದ ಮಗಳಿಗೆ ಮಾವಿನ ಹಣ್ಣು ಕೊಟ್ಟರು.

ಚಿಯಾಂಗ್ ಮಾಯ್‌ನ ಶಿಕ್ಷಕಿಯವರೇ, ಸೋಂಗ್‌ಕ್ರಾನ್ ದಿನದ ನೀರಿಗೆ ಮಲ್ಲಿಗೆ ಹಾಕಿದರೆ ಸಾಕೇ, ಅಥವಾ ಅಂಗಡಿಯಲ್ಲಿ ಸಿಗುವ ಸುಗಂಧದ ನೀರನ್ನೇ ತರಬೇಕೇ? ಮಗಳು ಈಗಿನಿಂದಲೇ ಬಟ್ಟಲನ್ನು ತೊಳೆದಿಟ್ಟುಕೊಂಡಿದ್ದಾಳೆ.