ಹಳೆಯ ಟ್ರ್ಯಾಕ್ಟರ್: ಎರಡನೇ ಸಲ ವಾಲ್ವ್ ಸೀಲ್ ಹಾಕಿದರೂ ನೀಲಿ ಹೊಗೆ

ಉಳುಮೆಗಾರ: ವಾಲ್ವ್ ಬಳಿ ಎಣ್ಣೆ ಒಳಗೆ ಇಳಿಯದಂತೆ ತಡೆಯುವ ಸೀಲನ್ನು ಒಂದೇ ಹಂಗಾಮಿನಲ್ಲಿ ಎರಡು ಸಲ ಬದಲಿಸಿದ್ದೇನೆ, ಆದರೂ ನೀಲಿ ಹೊಗೆ ನಿಂತಿಲ್ಲ. ಬಿಚ್ಚಿದಾಗ ಆ ಕಪ್ಪು ರಬ್ಬರು ಗಟ್ಟಿಯಾಗಿ ಬಿರಿದಿತ್ತು. ಬಾಳಿಕೆ ಬರುವ ಸೀಲ್ ಯಾವುದೆಂದು ದಯವಿಟ್ಟು ತಿಳಿಸಿ, ನನಗೆ ಸಾಕುಸಾಕಾಗಿದೆ.

ಗ್ರೀಸ್‌ಗನ್: ಅದು ನೈಟ್ರೈಲ್ ಎಂಬ ರಬ್ಬರು ಇರಬೇಕು. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಬಹುಕಾಲ ಇದ್ದರೆ ಅದು ಮೆದುತನ ಕಳೆದುಕೊಳ್ಳುತ್ತದೆ. ವಿಟಾನ್ ಎಂಬ ಇನ್ನೊಂದು ಬಗೆಯ ರಬ್ಬರು 200 ಡಿಗ್ರಿಯವರೆಗೂ ತಾಳುತ್ತದೆ, ಅದನ್ನೇ ಹಾಕಿ.

ಹಳೇಹೆಡ್: ಹೊಗೆ ಯಾವಾಗ ಬರುತ್ತದೆ, ಎಂಜಿನ್ ಡೀಸೆಲ್ಲೋ ಪೆಟ್ರೋಲೋ, ಸ್ಟೆಮ್, ಅಂದರೆ ವಾಲ್ವಿನ ಕಡ್ಡಿ, ಎಷ್ಟು ದಪ್ಪ ಎಂಬುದನ್ನು ತಿಳಿಯದೆ ಸೀಲ್ ಹೇಳುವುದು ಸರಿಯಲ್ಲ. ರಾತ್ರಿಯಿಡೀ ನಿಂತು ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ಹೋದರೆ ಗೈಡ್ (ಸ್ಟೆಮ್ ಓಡಾಡುವ ಕೊಳವೆ) ಮೂಲಕ ಎಣ್ಣೆ ಇಳಿದಿದೆ ಎಂದರ್ಥ; ಭಾರ ಎಳೆಯುವಾಗ ಎಡೆಬಿಡದೆ ಬಂದರೆ ನಾನು ಮೊದಲು ಪಿಸ್ಟನ್ ರಿಂಗ್‌ಗಳನ್ನು ಅನುಮಾನಿಸುತ್ತೇನೆ.

ಗ್ರೀಸ್‌ಗನ್: ರಬ್ಬರು ಬಿರಿದಿರುವುದನ್ನು ಅವರೇ ಕಂಡಿದ್ದಾರೆ. ವಿಟಾನ್ ಹಾಕಿದರೆ ಮುಗಿಯಿತು. ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡನ್ನೂ ಇಳಿಸಬೇಕಿಲ್ಲ. ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತಂದು ನಿಲ್ಲಿಸಿದರೆ ಡೀಸೆಲ್ ಎಂಜಿನ್ನಿನಲ್ಲಿ ವಾಲ್ವ್ ಹೆಚ್ಚು ಕೆಳಗೆ ಜಾರಲಾರದು.

ಹಳೇಹೆಡ್: ಸೀಲ್ ಬದಲಿಸಲು ಅಷ್ಟು ಸಾಕು, ಆದರೆ ಗೈಡ್‌ನ ಒಳವ್ಯಾಸವನ್ನು ಸರಿಯಾಗಿ ಅಳೆಯಲು ಹೆಡ್ ಇಳಿಸಲೇಬೇಕು. ಇವೆರಡನ್ನೂ ಒಂದೇ ಕೆಲಸವೆಂದು ಭಾವಿಸಬೇಡಿ.

ಉಳುಮೆಗಾರ: ಡೀಸೆಲ್. ಹೊಗೆ ಬೆಳಿಗ್ಗೆ ಮಾತ್ರ. ಸ್ಟೆಮ್ 9.5 ಮಿ.ಮೀ. ಆಸುಪಾಸು. ಗೈಡ್‌ಗಳನ್ನು ಎಂದೂ ಬದಲಿಸಿಲ್ಲ, ಅದು ಮುಖ್ಯವೆಂದು ತೋಚಲಿಲ್ಲ. ಸ್ಪ್ರಿಂಗ್ ತೆಗೆದು ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವನ್ನು ಅಲುಗಿಸಿದರೆ ಪಕ್ಕಕ್ಕೆ ಕಣ್ಣಿಗೆ ಕಾಣುವಷ್ಟು ವಾಲುತ್ತದೆ.

ಹಳೇಹೆಡ್: ಇದನ್ನು ಮೊದಲೇ ಹೇಳಿದ್ದರೆ ಒಂದು ಜೊತೆ ಸೀಲ್ ಉಳಿಯುತ್ತಿತ್ತು. ಅಷ್ಟು ಮಟ್ಟದ ಸ್ಟೆಮ್ ಸಾಮಾನ್ಯವಾಗಿ 3/8 ಇಂಚು, ಅಂದರೆ 9.53 ಮಿ.ಮೀ.; ಆದರೂ ಸವೆಯದ ಭಾಗದಲ್ಲಿ ಮೈಕ್ರೋಮೀಟರ್ ಇಟ್ಟು ಖಚಿತಪಡಿಸಿಕೊಳ್ಳಿ. ಗೈಡ್ ಸವೆದು ಸ್ಟೆಮ್ ಅಲ್ಲಾಡುತ್ತಿದ್ದರೆ ಸೀಲಿನ ತುಟಿಯನ್ನು ಅದು ಪ್ರತಿ ಸಲವೂ ಪಕ್ಕಕ್ಕೆ ತಳ್ಳುತ್ತದೆ, ಆಗ ವಿಟಾನ್ ಆದರೂ ಅಷ್ಟೇ. ನಿಮ್ಮ ಎಂಜಿನ್ನಿನಲ್ಲಿ ಮೊದಲಿದ್ದದ್ದು ಸ್ಟೆಮ್ ಜೊತೆ ಮೇಲೆ ಕೆಳಗೆ ಓಡಾಡುವ ಛತ್ರಿಯಾಕಾರದ ಸೀಲೋ, ಗೈಡ್‌ನ ತಲೆಗೆ ಬಿಗಿಯಾಗಿ ಕೂರುವುದೋ ನೋಡಿ. ಎರಡನೆಯದಕ್ಕೆ ಗೈಡ್‌ನ ತಲೆ ತಕ್ಕ ಅಳತೆಗೆ ಕಡೆದಿರಬೇಕು, ವಾಲ್ವ್ ಪೂರ್ತಿ ತೆರೆದಾಗಲೂ ಸ್ಪ್ರಿಂಗ್ ಮೇಲಿನ ತಟ್ಟೆ ಸೀಲಿಗೆ ತಾಗಬಾರದು.

ಗ್ರೀಸ್‌ಗನ್: ಗೈಡ್ ವಿಷಯ ಒಪ್ಪುತ್ತೇನೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗೂ ಬಿಗಿ ಸೀಲ್ ಹಾಕಲಿ.

ಹಳೇಹೆಡ್: ಒಪ್ಪಲಾರೆ. ಹಳೆಯ ಎಂಜಿನ್ನುಗಳಲ್ಲಿ ಎಷ್ಟೋ ಕಡೆ ಎಕ್ಸಾಸ್ಟ್‌ಗೆ ಸೀಲೇ ಇರಲಿಲ್ಲ. ಆ ಬಿಸಿ ಸ್ಟೆಮ್‌ಗೆ ಚೂರೂ ಎಣ್ಣೆ ಸಿಗದಿದ್ದರೆ ಗೈಡ್ ಬೇಗ ಸವೆಯುತ್ತದೆ. ತಯಾರಕರ ಕೈಪಿಡಿಯಲ್ಲಿ ಇದ್ದರೆ ಮಾತ್ರ ಹಾಕಿ.

ಉಳುಮೆಗಾರ: ಹೆಡ್ ಇಳಿಸಿದೆ. ಇನ್‌ಲೆಟ್ ಗೈಡ್‌ಗಳ ಬಾಯಿ ಗಂಟೆಯಂತೆ ಅಗಲವಾಗಿದೆ. ಮೊದಲು ಗೈಡ್ ಹಾಕಿಸಿ ವಾಲ್ವ್ ಮುಚ್ಚಿದಾಗ ಕೂರುವ ಸೀಟು ಸರಿಮಾಡಿಸುತ್ತೇನೆ, ಅನಂತರ ವಿಟಾನ್. ಹೊಸ ಸೀಲ್ ತೊಡಿಸುವಾಗ ಸ್ಪ್ರಿಂಗ್ ತಟ್ಟೆಯನ್ನು ಹಿಡಿಯುವ ಲಾಕ್ ಕೂರಲು ಸ್ಟೆಮ್‌ನಲ್ಲಿರುವ ತೋಡಿನ ಅಂಚು ತುಟಿಯನ್ನು ಸೀಳದಂತೆ ಏನು ಮಾಡಬೇಕು?

ಹಳೇಹೆಡ್: ಸ್ಟೆಮ್ ತುದಿಗೆ ತೆಳು ಪ್ಲಾಸ್ಟಿಕ್ ಕೊಳವೆ ತೊಡಿಸಿ, ಎಂಜಿನ್ ಎಣ್ಣೆ ಸವರಿ, ಕೈಯಿಂದಲೇ ಮೆಲ್ಲಗೆ ಒತ್ತಿ ಇಳಿಸಿ.