ಎಂಜಿಬಿ ಟ್ಯಾಂಕಿಗೆ ಮತ್ತೆ ನೀರು: ಮೇಸ್ತ್ರಿಗಳನ್ನು ಕೇಳಿ

ಅಡಿಕೆಮನೆ, ತೀರ್ಥಹಳ್ಳಿ:
ಮೇಸ್ತ್ರಿಗಳೇ ನಮಸ್ಕಾರ. ದೊಡ್ಡಪ್ಪನ 1965ರ ಎಂಜಿಬಿ ಕಾರು ಈಗ ನನ್ನ ಪಾಲಿಗೆ ಬಂದಿದೆ. ಎರಡು ಸೀಟಿನ ಓಪನ್ ಗಾಡಿ. ಮೂರು ಮಳೆಗಾಲ ಟಾರ್ಪಾಲ್ ಹೊದ್ದು ನಿಂತಿತ್ತು. ಸೆಪ್ಟೆಂಬರ್‌ನಲ್ಲಿ ಸ್ಟಾರ್ಟ್ ಮಾಡಿದರೆ ಎರಡು ನಿಮಿಷ ಓಡಿ ಆಫ್ ಆಯಿತು. ಕಾರ್ಬ್ಯುರೇಟರ್ ಬಿಚ್ಚಿದರೆ ಬೌಲ್ ತುಂಬ ಕೆಂಪು ನೀರು. ಟ್ಯಾಂಕ್ ಖಾಲಿ ಮಾಡಿಸಿ ಹೊಸ ಪೆಟ್ರೋಲ್ 10 ಲೀಟರ್ ಹಾಕಿದೆ, ಚೆನ್ನಾಗಿ ಓಡಿತು. ದೀಪಾವಳಿ ಹೊತ್ತಿನ ಮಳೆಯಲ್ಲಿ ಎರಡು ಸಲ ಶಿವಮೊಗ್ಗಕ್ಕೆ ಹೋಗಿ ಬಂದೆ. ಈಗ ಮತ್ತೆ ಅದೇ ಕತೆ. ನಾಳೆ ಬೆಳಿಗ್ಗೆ ಪೆಟ್ರೋಲ್ ಇಳಿಸಬೇಕು ಅಂತಿದ್ದೇನೆ. ಕೊನೆಕೊಯ್ಲು ಶುರುವಾಗಿದೆ, ಬೇರೆ ಜಾಗ ಇಲ್ಲ. ಶೆಡ್ಡಿನ ಒಂದು ತುದಿಯಲ್ಲಿ ಅಡಿಕೆ ಬೇಯಿಸುವ ಒಲೆ, ಇನ್ನೊಂದು ತುದಿಯಲ್ಲಿ ಗಾಡಿ. ಟ್ಯಾಂಕಿನ ಒಳಗೆ ತುಕ್ಕಿದ್ದರೆ ಕತ್ತರಿಸಿ ತೊಳೆದು ಬೆಸೆದು ಕೊಡುತ್ತೇನೆ ಅಂತ ನಮ್ಮೂರಿನ ಗೇಟ್ ಮಾಡುವ ವೆಲ್ಡರ್ ಹೇಳಿದ್ದಾನೆ. ಏನೇನು ನೋಡಿಕೊಳ್ಳಬೇಕು?

ಸಾಗರದ ಹುಡುಗ:
ಇಳಿಸುವುದೇ ಬೇಡ ಅಣ್ಣ. ನನಗೆ ಬಂದ ಮೆಸೇಜ್ ಹಾಕುತ್ತೇನೆ ನೋಡಿ. «ಟ್ಯಾಂಕಿಗೆ ಅರ್ಧ ಲೀಟರ್ ಸ್ಪಿರಿಟ್, ನಾಲ್ಕು ಕರ್ಪೂರದ ಬಿಲ್ಲೆ ಹಾಕಿ ಅಲ್ಲಾಡಿಸಿ. ನೀರು ತಾನಾಗಿ ಮಾಯ. ಎಲ್ಲರಿಗೂ ಕಳಿಸಿ.»

ಮೇಸ್ತ್ರಿ, ಶಿವಮೊಗ್ಗ:
ತೀರ್ಥಹಳ್ಳಿಯವರೇ, ಮೊದಲು ಇದನ್ನು ಓದಿ. ನಾಳೆ ಆ ಶೆಡ್ಡಿನಲ್ಲಿ ಮಾತ್ರ ಇಳಿಸಬೇಡಿ.

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ 100ಕ್ಕೆ ಒಂದೂವರೆ ಪಾಲು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ನೀವು ಗಾಡಿ ಕೆಳಗೆ ಟ್ಯಾಂಕಿನ ಪ್ಲಗ್ ಬಿಚ್ಚುತ್ತಾ ಇರುತ್ತೀರಿ, ಅದು ನಿಮ್ಮ ಬೆನ್ನ ಹಿಂದೆ ಒಲೆ ತನಕ ಹೋಗಿ ಬೆಂಕಿ ಹಿಡಿದು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಒಲೆ ಆರಿಸಿದ್ದೇವೆ ಅಂತ ಬೂದಿ ಕೆದಕಿದರೆ ಕೆಳಗೆ ಕೆಂಡ ಇರುತ್ತದೆ, ಅಡಿಕೆ ಒಲೆಯ ಕೆಂಡ ಮರುದಿನದವರೆಗೂ ಇರುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಗಾಡಿ ತಳ್ಳಿಕೊಂಡು ಬಯಲಿಗೆ ತನ್ನಿ. ಮನೆ, ಒಲೆ, ಬಚ್ಚಲ ಹಂಡೆ ಯಾವುದೂ ತಗ್ಗಿನಲ್ಲಿ ಇರಬಾರದು. ಇಂಜಿನ್, ಸೈಲೆನ್ಸರ್ ತಣ್ಣಗಿರಲಿ. ಸೀಟಿನ ಹಿಂದೆ ಮುಚ್ಚಳದ ಕೆಳಗೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ. ಅರ್ಥ್ ವೈರ್, ಅಂದರೆ ಬಾಡಿಗೆ ಸೇರಿಸಿದ ವೈರ್, ಮೊದಲು ಬಿಚ್ಚಬೇಕು. ನಿಮ್ಮದು 1965ರದ್ದು, ಅದರಲ್ಲಿ ಅರ್ಥ್ ಇರುವುದು ಪ್ಲಸ್ ಕಡೆ. ಈಗಿನ ಗಾಡಿ ನೋಡಿದ ಅಭ್ಯಾಸದಲ್ಲಿ ಮೈನಸ್ಸಿಗೆ ಪಾನಾ ಹಾಕಿ, ಅದು ಬಾಡಿಗೆ ತಗುಲಿದರೆ ಕಿಡಿ ಬಂದೇ ಬರುತ್ತದೆ.

ಹಿಂದೆ ಜ್ಯಾಕ್ ಎತ್ತಿದರೆ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ. ಆ ವರ್ಷದ ಟ್ಯಾಂಕಿಗೆ ತಳದಲ್ಲಿ ಡ್ರೇನ್ ಪ್ಲಗ್ ಇರಬೇಕು. ಜಾಮ್ ಆಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಸುತ್ತಿಗೆ ಏಟು ಬೇಡ, ಬೆಂಕಿ ತೋರಿಸಿ ಸಡಿಲ ಮಾಡುವ ಯೋಚನೆಯೇ ಬೇಡ. ಕಬ್ಬಿಣದ ಡಬ್ಬಿ ಇಡಿ, ಅದು ನೆಲದ ಮೇಲೇ ಇರಲಿ. ಪ್ಲಾಸ್ಟಿಕ್ ಬಕೆಟ್ ಬೇಡ. ಒಬ್ಬರು ಬೇರೆ ಕೆಲಸ ಬಿಟ್ಟು ಒಣ ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲಿ. ಸಿಲಿಂಡರ್ ಇಲ್ಲದಿದ್ದರೆ ಅದು ಸಿಗುವವರೆಗೆ ಪ್ಲಗ್ ಮುಟ್ಟಬೇಡಿ.

ವೆಲ್ಡರ್ ವಿಷಯ ಬೇರೆ ಬರೆಯುತ್ತೇನೆ. ಅಲ್ಲಿವರೆಗೆ ಟ್ಯಾಂಕ್ ಅವನ ಕೈಗೆ ಕೊಡಬೇಡಿ.

ಸಾಗರದವರೇ, ಕರ್ಪೂರ ದೇವರ ಮುಂದೆ ಹಚ್ಚಿ.

ಜಾವಾ ಪ್ರೇಮಿ:
ಮೇಸ್ತ್ರಿಗಳೇ, ನನ್ನ ಜಾವಾ ಟ್ಯಾಂಕಿನ ಒಳಗೆ ಕೋಟಿಂಗ್ ಹಾಕಿಸಬಹುದಾ? ಮೈಸೂರಿನಲ್ಲಿ ತಯಾರಾದ ಹಳೇ ಗಾಡಿ.

ಬೆಟ್ಟದೂರು:
ಇಷ್ಟೆಲ್ಲ ಯಾಕೆ ಬೇಕು? ಪೈಪ್ ಹಾಕಿ ಬಾಯಲ್ಲಿ ಎಳೆದರೆ ಆಯಿತಲ್ಲ.

ಮೇಸ್ತ್ರಿ, ಶಿವಮೊಗ್ಗ:
ಬಾಯಲ್ಲಿ ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆ ಸೇರುತ್ತೀರಿ. ಕೈ ಪಂಪ್ ಸಿಗುತ್ತದೆ.

ಪದ್ಮಿನಿ 1986:
ಎಲ್ಲದಕ್ಕೂ ಕಾರಣ ಇ20, ಈ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರು ಕುಡಿಯುತ್ತದೆ. ಮೊದಲು ಈ ತೊಂದರೆ ಇತ್ತಾ?

ನಿವೃತ್ತ ಮೇಷ್ಟ್ರು:
ಇತ್ತು. 1980ರಲ್ಲೇ ನಮ್ಮ ಹೆರಾಲ್ಡ್ ಕಾರಿನ ಟ್ಯಾಂಕಿನಲ್ಲಿ ನೀರು ಬರುತ್ತಿತ್ತು. ಆಗ ಯಾವ ಎಥನಾಲ್ ಇತ್ತು? ಗಾಡಿ ನಿಲ್ಲಿಸಿ ಇಟ್ಟರೆ ತುಕ್ಕು ಹಿಡಿಯುತ್ತದೆ, ಅಷ್ಟೇ.

ಪದ್ಮಿನಿ 1986:
ಮೇಷ್ಟ್ರೇ, ನನ್ನ ಗಾಡಿಯ ರಬ್ಬರ್ ಪೈಪ್ ಒಂದೇ ವರ್ಷದಲ್ಲಿ ಮೆತ್ತಗಾಗಿ ಬೆರಳಿಗೆ ಕಪ್ಪು ಅಂಟುತ್ತಿದೆ. ಅದೂ ನಿಲ್ಲಿಸಿದ್ದಕ್ಕಾ? ನಾನು ದಿನಾ ಓಡಿಸುತ್ತೇನೆ.

ನಿವೃತ್ತ ಮೇಷ್ಟ್ರು:
ಕಡಿಮೆ ದುಡ್ಡಿನ ಪೈಪ್ ಹಾಕಿರುತ್ತೀರಿ.

ಪದ್ಮಿನಿ 1986:
ನಾನು ಯಾವ ಪೈಪ್ ಹಾಕಿದ್ದೇನೆ ಅಂತ ನೀವು ನೋಡಿದ್ದೀರಾ? ಸುಮ್ನೆ ಮಾತಾಡಬೇಡಿ.

ಮೇಸ್ತ್ರಿ, ಶಿವಮೊಗ್ಗ:
ಇಬ್ಬರದೂ ಅರ್ಧರ್ಧ ಸರಿ. ಹಳೇ ರಬ್ಬರ್ ಎಥನಾಲ್‌ಗೆ ತಡೆಯುವುದಿಲ್ಲ, ನಿಜ. ಎಥನಾಲ್ ಇಲ್ಲದ ಕಾಲದಲ್ಲೂ ಟ್ಯಾಂಕಿಗೆ ನೀರು ಸೇರುತ್ತಿತ್ತು, ಅದೂ ನಿಜ. ಜಗಳ ಬೇರೆ ಕಡೆ ಆಡಿ.

ವೆಲ್ಡರ್ ವಿಷಯ ಬೇರೆ ಬರೆಯುತ್ತೇನೆ ಅಂದಿದ್ದೆ, ಈಗ ಬರೆಯುತ್ತೇನೆ. ನಾನು ಕೆಲಸ ಕಲಿಯುತ್ತಿದ್ದ ಶೆಡ್ಡಿನಲ್ಲಿ ಒಂದು ಅಂಬಾಸಿಡರ್ ಟ್ಯಾಂಕ್ ಮೂರು ದಿನ ಬಿಸಿಲಿನಲ್ಲಿ ಒಣಗಿಸಿಟ್ಟಿತ್ತು. ಮುಚ್ಚಳ ತೆಗೆದೇ ಇತ್ತು. ಮೂಸಿದರೆ ವಾಸನೆ ಇರಲಿಲ್ಲ. ನಮ್ಮ ಹಿರಿಯರು ವೆಲ್ಡಿಂಗ್ ಟಾರ್ಚ್ ಹಚ್ಚಿ ಮೂಲೆಯ ತೂತಿಗೆ ಹಿಡಿದರು. ಮೊದಲು ಟ್ಯಾಂಕ್ ದಿಂಬಿನ ಹಾಗೆ ಉಬ್ಬಿದ್ದು ಕಂಡಿತು, ಆಮೇಲೆ ಸದ್ದು. ಅಂಚಿನ ಜೋಡಣೆ ಉದ್ದಕ್ಕೆ ಸೀಳಿತ್ತು. ಅವರ ಎಡಗಣ್ಣು ಹೋಯಿತು. ತುಕ್ಕಿನ ಪದರದೊಳಗೆ ಕೂತ ಪೆಟ್ರೋಲ್ ಬಿಸಿ ತಾಗಿದ ಕೂಡಲೇ ಆವಿಯಾಗುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಯಾಕೆಂದರೆ ಅದರ ತುಂಬ ಆವಿ ಮತ್ತು ಗಾಳಿ ಇರುತ್ತದೆ. ಗೇಟ್ ಮಾಡುವವರು ಒಳ್ಳೆಯ ಕೆಲಸಗಾರರೇ ಇರಬಹುದು. ಇದು ಅವರ ಕೆಲಸ ಅಲ್ಲ.

ಮಲ್ನಾಡ್ ರೈಡರ್:
ಬಾಯಲ್ಲಿ ಎಳೆದು ಸ್ವಲ್ಪ ನುಂಗಿದರೆ ಮಜ್ಜಿಗೆ ಕುಡಿದು ವಾಂತಿ ಮಾಡಿದರೆ ಸರಿಯಾಗುತ್ತದೆ ಅಂತಾರಲ್ಲ, ನಿಜವಾ?

ಮೇಸ್ತ್ರಿ, ಶಿವಮೊಗ್ಗ:
ಸುಳ್ಳು. ವಾಂತಿ ಮಾಡಿಸಲೇಬೇಡಿ, ಮೇಲೆ ಬರುವಾಗ ಶ್ವಾಸಕೋಶಕ್ಕೆ ಹೋಗುತ್ತದೆ. ನೇರ ಆಸ್ಪತ್ರೆ.

ಅಡಿಕೆಮನೆ, ತೀರ್ಥಹಳ್ಳಿ:
ಇವತ್ತು ಬೆಳಿಗ್ಗೆ ಮೇಲಿನ ಗದ್ದೆ ಬಯಲಿಗೆ ತಳ್ಳಿ ಇಳಿಸಿದೆ. ಪಂಚಾಯ್ತಿಯಿಂದ ಸಿಲಿಂಡರ್ ತಂದಿದ್ದೆ, ತಮ್ಮ ಹಿಡಿದು ನಿಂತಿದ್ದ. ಬ್ಯಾಟರಿ ವಿಷಯ ಹೇಳಿದ್ದು ಒಳ್ಳೆಯದಾಯಿತು, ನಾನು ಮೈನಸ್ಸೇ ಬಿಚ್ಚುತ್ತಿದ್ದೆ. ಬಂದದ್ದು ಆರೂವರೆ ಲೀಟರ್. ಗಾಜಿನ ಬರಣಿಗೆ ಹಾಕಿ ನಿಲ್ಲಿಸಿದೆ. ಮೇಲೆ ಹಳದಿ, ಕೆಳಗೆ ಚಹಾ ಬಣ್ಣದ ಪದರ, ಮಧ್ಯೆ ಗೆರೆ ಎಳೆದ ಹಾಗೆ. ತಳದಲ್ಲಿ ತುಕ್ಕು ಅರಿಶಿನ ಪುಡಿಯಷ್ಟು ನುಣ್ಣಗೆ ಕೂತಿದೆ. ಕೆಳಗಿನದು ಎಲ್ಲ ಸೇರಿ ಒಂದೂವರೆ ಲೀಟರ್. ಇಷ್ಟು ನೀರು ಎಲ್ಲಿಂದ ಬಂತು? ಶೆಡ್ಡಿನ ಥಂಡಿಗೆ ಟ್ಯಾಂಕ್ ಬೆವರಿ ಬಂತಾ?

ಮೇಸ್ತ್ರಿ, ಶಿವಮೊಗ್ಗ:
ಸರಿಯಾಗಿ ಮಾಡಿದ್ದೀರಿ. ಈಗ ನಿಮ್ಮ ಲೆಕ್ಕ ನೋಡೋಣ, ಇದು ನನಗೆ ಬಹಳ ಹಿಡಿಸಿದ ಕೇಸು.

ಕೆಳಗಿರುವುದು ಬರೀ ನೀರಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 100ಕ್ಕೆ 20 ಎಥನಾಲ್. ನೀರು ಒಂದು ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಬೇಕಾದರೆ ಅಳತೆ ಗುರುತಿರುವ ಗಾಜಿನ ಜಾಡಿಯಲ್ಲಿ ಹೊಸ ಪೆಟ್ರೋಲ್ 90 ಎಂಎಲ್, ನೀರು 10 ಎಂಎಲ್ ಹಾಕಿ ಅಲ್ಲಾಡಿಸಿ ಇಡಿ. ಕೆಳಗೆ 10 ಇರುವುದಿಲ್ಲ, ಸುಮಾರು 28 ಇರುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಪೆಟ್ರೋಲ್ 6 ಲೀಟರ್ ಇತ್ತು ಅಂತಿಟ್ಟುಕೊಳ್ಳಿ, ಅದರಲ್ಲಿ ಎಥನಾಲ್ 1.2 ಲೀಟರ್. ಅದರ ಬಹುಪಾಲು ಕೆಳಗೆ ಇಳಿದಿದೆ. ಹಾಗಾದರೆ ನೀರು ಅರ್ಧ ಲೀಟರ್ ಆಸುಪಾಸು.

ಅರ್ಧ ಲೀಟರ್ ನೀರು ಕೆಲವೇ ವಾರದಲ್ಲಿ ಬೆವರಿ ಸೇರುವುದಿಲ್ಲ. ಬೆವರಿದ್ದು ಚಮಚದ ಲೆಕ್ಕ. ಮಳೆಯಲ್ಲಿ ಓಡಿಸಿದ ಮೇಲೆಯೇ ಬಂದಿದೆ ಅಂದರೆ ಮಳೆ ನೀರೇ ಒಳಗೆ ಇಳಿಯುತ್ತಿದೆ. ಎಂಜಿಬಿಗೆ ಒಂದು ಹಳೇ ಕಾಯಿಲೆ ಇದೆ. ಟ್ಯಾಂಕ್ ಡಿಕ್ಕಿಯ ತಳಕ್ಕೆ ಒತ್ತಿಕೊಂಡು ಕೂರುತ್ತದೆ. ಹಿಂದಿನ ಚಕ್ರ ಎರಚಿದ ಕೆಸರು ಆ ಸಂದಿಯಲ್ಲಿ ಸೇರುತ್ತದೆ, ಒಣಗುವುದೇ ಇಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒದ್ದೆ ಬಟ್ಟೆ ಹೊದಿಸಿದ ಹಾಗೆ. ಟ್ಯಾಂಕ್ ಮೇಲಿನಿಂದ, ಹೊರಗಿನಿಂದ ತಿಂದುಹೋಗುತ್ತದೆ. ತೂತು ಮೇಲ್ಭಾಗದಲ್ಲಿ ಇರುವುದರಿಂದ ಪೆಟ್ರೋಲ್ ಕೆಳಗೆ ಸೋರುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಪೂರ್ತಿ ತುಂಬಿಸಿದಾಗ ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ ಬರುತ್ತಿತ್ತಾ?

ಇನ್ನೊಂದು ಮುಖ್ಯ. ಆ ಕೆಳಗಿನ ಪದರ ನೀರು ಅಂತ ಚೆಲ್ಲಬೇಡಿ. ಅದರಲ್ಲಿ ಎಥನಾಲ್ ಜಾಸ್ತಿ, ಹೊತ್ತಿ ಉರಿಯುತ್ತದೆ.

ಅಡಿಕೆಮನೆ, ತೀರ್ಥಹಳ್ಳಿ:
ಬರುತ್ತಿತ್ತು! ದೊಡ್ಡಮ್ಮ ಯಾವಾಗಲೂ ಹೇಳುತ್ತಿದ್ದರು, ಡಿಕ್ಕಿಯಲ್ಲಿಟ್ಟ ಸೀರೆ ಬ್ಯಾಗೆಲ್ಲ ಪೆಟ್ರೋಲ್ ವಾಸನೆ ಅಂತ.

ಸಾಗರದ ಹುಡುಗ:
ಮೇಲಿನ ಐದು ಲೀಟರ್ ಹಳದಿ ಪೆಟ್ರೋಲ್ ಕಳೆ ಕತ್ತರಿಸುವ ಮಿಷನ್‌ಗೆ ಹಾಕಬಹುದಲ್ಲ? ಉಳಿದದ್ದು ತೋಟದ ಅಂಚಿಗೆ ಸುರಿದರೆ ಗೆದ್ದಲೂ ಹೋಗುತ್ತದೆ.

ಮೇಸ್ತ್ರಿ, ಶಿವಮೊಗ್ಗ:
ಮಿಷನ್ ಜಾಮ್ ಆಗುತ್ತದೆ. ಎಥನಾಲ್ ಕಳೆದುಕೊಂಡ ಪೆಟ್ರೋಲ್ ಇಂಜಿನ್ ಕುಟ್ಟಿಸುತ್ತದೆ, ಜೊತೆಗೆ ತುಕ್ಕಿನ ಪುಡಿ ಬೇರೆ. ತೋಟಕ್ಕೆ ಸುರಿಯುವ ಮಾತು ಇನ್ನೊಂದು ಸಲ ಆಡಬೇಡಿ. ತೋಟದ ಕೆಳಗೇ ಬಾವಿ ಇರುತ್ತದೆ, ಆ ನೀರು ಮನೆಯವರು ಕುಡಿಯುತ್ತಾರೆ. ಒಂದು ಸಲ ಮಣ್ಣಿಗೆ ಇಳಿದ ಪೆಟ್ರೋಲ್ ವಾಪಸ್ ತೆಗೆಯಲು ಆಗುವುದಿಲ್ಲ. ಮುಚ್ಚಳ ಬಿಗಿಯಾದ ಕಬ್ಬಿಣದ ಡಬ್ಬಿಯಲ್ಲಿ ಇಡಿ. ಹಾಳಾದ ಆಯಿಲ್ ತೆಗೆದುಕೊಳ್ಳಲು ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರು ನಮ್ಮ ಶೆಡ್ಡಿಗೆ ಬರುತ್ತಾರೆ, ಇದನ್ನು ತೆಗೆದುಕೊಳ್ಳುತ್ತಾರಾ ಕೇಳಿ ತಿಳಿಸುತ್ತೇನೆ.

ಸಾಗರದ ಹುಡುಗ:
ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಮೇಸ್ತ್ರಿ, ಶಿವಮೊಗ್ಗ:
ನೀವು ಹಾಕಿದ ಮೆಸೇಜ್ ಓದಿ ಯಾರಾದರೂ ಮಾಡುತ್ತಾರೆ, ಅದಕ್ಕೆ.

ಪದ್ಮಿನಿ 1986:
ನೋಡಿ ಮೇಷ್ಟ್ರೇ, ಎಥನಾಲ್ ಕೆಳಗೆ ಇಳಿಯಿತು ಅಂತ ಮೇಸ್ತ್ರಿಗಳೇ ಹೇಳಿದರು.

ನಿವೃತ್ತ ಮೇಷ್ಟ್ರು:
ನೀರು ತೂತಿನಿಂದ ಬಂತು ಅಂತಲೂ ಹೇಳಿದರು. ಅದನ್ನೂ ಓದಿ.

ಭದ್ರಾವತಿ ಫಿಯಟ್:
ಬಾಯಿಂದ ಪೈಪ್ ಎಳೆದು ತೆಗೆಯಬಹುದಾ?

ಮೇಸ್ತ್ರಿ, ಶಿವಮೊಗ್ಗ:
ಮೇಲೆ ಎರಡು ಸಲ ಬರೆದಿದ್ದೇನೆ.

ಜಾವಾ ಪ್ರೇಮಿ:
ನನ್ನ ಕೋಟಿಂಗ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕಾರ್ ಇದ್ದವರಿಗೆ ಮಾತ್ರ ಈ ಗುಂಪಾ?

ಮೇಸ್ತ್ರಿ, ಶಿವಮೊಗ್ಗ:
ತೀರ್ಥಹಳ್ಳಿಯವರೇ, ಟ್ಯಾಂಕ್ ಕೆಳಗಿಳಿಸಿ. ಸೋಪಿನ ಬಿಸಿ ನೀರು ತುಂಬಿ ಮೂರು ನಾಲ್ಕು ಸಲ ತೊಳೆಯಿರಿ, ತೊಳೆದ ನೀರನ್ನೂ ಡಬ್ಬಿಯಲ್ಲೇ ಹಿಡಿದಿಡಿ. ಬಯಲಲ್ಲಿ ಪೂರ್ತಿ ಒಣಗಲಿ. ಆಮೇಲೆ ಪೆಟ್ರೋಲ್ ಮಟ್ಟ ಅಳೆಯುವ ಗೇಜಿನ ಸೆಂಡರ್ ಇರುವ ಬಾಯಿಯ ಹೊರಗಿನಿಂದಲೇ ಬ್ಯಾಟರಿ ಟಾರ್ಚ್ ಬೆಳಕು ಬಿಟ್ಟು, ಕತ್ತಲಲ್ಲಿ ಟ್ಯಾಂಕಿನ ಮೇಲ್ಭಾಗ ನೋಡಿ.

ಅಡಿಕೆಮನೆ, ತೀರ್ಥಹಳ್ಳಿ:
ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಟ್ಯಾಂಕ್ ಇಳಿಸಿದಾಗ ಮೇಲೆ ಎರಡು ಬೆರಳು ದಪ್ಪ ಮಣ್ಣು, ಅದರಲ್ಲಿ ಪಾಚಿ ಬೆಳೆದಿತ್ತು. ತೊಳೆದು ಒಣಗಿಸಿ ರಾತ್ರಿ ಟಾರ್ಚ್ ಬಿಟ್ಟೆ. ಅಮಾವಾಸ್ಯೆ ಆಕಾಶದ ಹಾಗೆ ಕಂಡಿತು. ಬಲಗಡೆ ಮೂಲೆಯಲ್ಲೇ ಹನ್ನೊಂದು ತೂತು ಎಣಿಸಿದೆ. ಬೆರಳಲ್ಲಿ ಒತ್ತಿದರೆ ತಗಡು ಹಪ್ಪಳದ ಹಾಗೆ ಒಳಗೆ ಹೋಯಿತು. ಎಂ-ಸೀಲ್ ಹಚ್ಚಿದರೆ ಒಂದು ವರ್ಷ ಬರುತ್ತದಾ?

ಮೇಸ್ತ್ರಿ, ಶಿವಮೊಗ್ಗ:
ಬೇಡ. ಬೆರಳಿಗೆ ಬಗ್ಗುವ ತಗಡಿಗೆ ಯಾವುದನ್ನೂ ಹಚ್ಚಬೇಡಿ. ಎಂಜಿಬಿಗೆ ಹೊಸ ಟ್ಯಾಂಕ್ ಇಂಗ್ಲೆಂಡಿನಲ್ಲಿ ಇವತ್ತಿಗೂ ಸಿಗುತ್ತದೆ. ಆರ್ಡರ್ ಮಾಡುವ ಮೊದಲು ಹಳೇದನ್ನು ಕಟ್ಟಿದ್ದು ಪಟ್ಟಿಯಲ್ಲೋ ಬೋಲ್ಟಿನಲ್ಲೋ ನೋಡಿ ಹೇಳಿ. 1965ರಲ್ಲೇ ಅದು ಬದಲಾಯಿತು, ಒಂದರ ಜಾಗಕ್ಕೆ ಇನ್ನೊಂದು ಹಾಗೇ ಕೂರುವುದಿಲ್ಲ. ಅದು ಬರುವಷ್ಟರಲ್ಲಿ ಡಿಕ್ಕಿ ತಳ ಕೆರೆದು ಬಣ್ಣ ಹೊಡೆಯಿರಿ. ಪೆಟ್ರೋಲ್ ಹಾಕುವ ಬಾಯಿಯ ರಬ್ಬರ್, ಪಂಪಿನಿಂದ ಕಾರ್ಬ್ಯುರೇಟರ್‌ವರೆಗಿನ ರಬ್ಬರ್ ಪೈಪ್ ಎಲ್ಲ ಎಥನಾಲ್ ತಡೆಯುವಂಥದ್ದು ಹಾಕಿ. ಎರಡೂ ಕಾರ್ಬ್ಯುರೇಟರಿನ ಬೌಲ್ ಬಿಚ್ಚಿ ತೊಳೆಯಿರಿ, ಒಂದನ್ನು ಬಿಟ್ಟರೆ ಅಲ್ಲಿರುವ ನೀರು ಮತ್ತೆ ಕಾಡುತ್ತದೆ.

ಅಡಿಕೆಮನೆ, ತೀರ್ಥಹಳ್ಳಿ:
ಪಟ್ಟಿ ಕಟ್ಟಿದ್ದು. ಎರಡು ಪಟ್ಟಿ.

ಮೇಸ್ತ್ರಿ, ಶಿವಮೊಗ್ಗ:
ಹಾಗಾದರೆ ಮೊದಲಿನ ಮಾದರಿಯದು. ಪಟ್ಟಿಯ ಫೋಟೊ ತೆಗೆದು ಕಳಿಸಿ. ಅದೂ ತಿಂದುಹೋಗಿದ್ದರೆ ಜೊತೆಯಲ್ಲೇ ತರಿಸಬೇಕು.